ನಂದಿಬೆಟ್ಟದ ಏರಿಗೆ 1971ರ ಎಂಜಿಬಿಯೋ, ಇನ್ನೋವಾ ಹೈಕ್ರಾಸೋ?

ನಂದಿಏರು, ಚಿಕ್ಕಬಳ್ಳಾಪುರ:
ಮನೇಲಿ ಟೊಯೊಟಾ ಇನ್ನೋವಾ ಹೈಕ್ರಾಸ್ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜತೆ ಎಲೆಕ್ಟ್ರಿಕ್ ಮೋಟರ್ ಇರೋದು) ಇದೆ. 1971ರ ಓಪನ್ ಎಂಜಿಬಿ (ಎಂಜಿ ಕಂಪನಿಯ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಒಂದು ಮಾರಾಟಕ್ಕೆ ಬಂದಿದೆ. ಆಗೊಮ್ಮೆ ಈಗೊಮ್ಮೆ ಬೆಟ್ಟ ಹತ್ತಿ ಇಳಿಯೋದಕ್ಕೆ ಅಂತ ಯೋಚನೆ. ಸ್ಪೋರ್ಟ್ಸ್ ಕಾರು ಅಂದಮೇಲೆ ಏರಿನಲ್ಲಿ ಫ್ಯಾಮಿಲಿ ಗಾಡಿಗಿಂತ ಜೋರು ತಾನೇ? ತಗೊಳ್ಳೋ ಮುಂಚೆ ಏನು ನೋಡಬೇಕು?

ಎಣ್ಣೆಕೈ:
ಜೋರಲ್ಲ ಸಾರ್. ಎಂಜಿಬಿ 1,798 ಸಿಸಿ, ಹೆಚ್ಚೆಂದರೆ 95 ಎಚ್‌ಪಿ. ಗಂಟೆಗೆ ನೂರು ಕಿ.ಮೀ. ಮುಟ್ಟೋಕೆ ಸುಮಾರು 12 ಸೆಕೆಂಡ್ ಬೇಕು. ಹೈಕ್ರಾಸ್ ಹೈಬ್ರಿಡ್ 186 ಪಿಎಸ್ (ಹೆಚ್ಚುಕಮ್ಮಿ ಎಚ್‌ಪಿಯಷ್ಟೇ), ಕಂಪನಿ ಲೆಕ್ಕದಲ್ಲಿ 9.5 ಸೆಕೆಂಡ್. ಬೆಟ್ಟದ ತುದಿ 1,478 ಮೀಟರ್. ಗಾಳಿ ತೆಳುವಾದಷ್ಟೂ ಕಾರ್ಬ್ಯುರೇಟರ್ (ಗಾಳಿ, ಪೆಟ್ರೋಲ್ ಬೆರೆಸೋ ಭಾಗ) ಇರೋ ಎಂಜಿಬಿ ಇಂಜಿನ್ನಿಗೆ ಉಸಿರು ಕಮ್ಮಿ. ಹೈಕ್ರಾಸ್ ಇಂಜಿನ್ನೂ ಸ್ವಲ್ಪ ಸೋಲುತ್ತೆ, ಆದರೆ ಎಲೆಕ್ಟ್ರಿಕ್ ಮೋಟರಿಗೆ ಗಾಳಿಯ ಹಂಗಿಲ್ಲ, ಹೇರ್‌ಪಿನ್ ದಾಟಿದ ಕೂಡಲೇ ಅದು ತಳ್ಳುತ್ತೆ.

ಆದರೂ ಎಂಜಿಬಿ ತೂಕ ಒಂದು ಟನ್ನಿಗಿಂತ ಕಮ್ಮಿ, ಹೈಕ್ರಾಸ್ ಒಂದೂವರೆ ಟನ್ ದಾಟುತ್ತೆ. ಎಂಜಿಬಿಗೆ ಪವರ್ ಸ್ಟೀರಿಂಗ್ ಇಲ್ಲ, ಹಾಗಾಗಿ ತಿರುವಿನಲ್ಲಿ ಮುಂದಿನ ಟಯರ್ ಎಷ್ಟು ಹಿಡಿದಿದೆ ಅಂತ ಅಂಗೈಗೇ ಗೊತ್ತಾಗುತ್ತೆ. 30ರ ಸ್ಪೀಡಲ್ಲೇ ಸಿಗೋ ಸುಖ ಅದು. ಅದಕ್ಕೆ ತಗೊಳ್ಳಿ, ವೇಗಕ್ಕೆ ಬೇಡ.

ಎಸ್‌ಯು ಪ್ರಿಯ:
ಬಂಕಿನಲ್ಲಿ ಈಗ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಹಳೆ ರಬ್ಬರನ್ನು ತಿನ್ನುತ್ತೆ. ಪೆಟ್ರೋಲ್ ಹೋಸ್‌ಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ಮಿಕ್ಶ್ಚರ್ ಲೀನ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಮ್ಮಿ) ಕೂಡ ಆಗುತ್ತೆ. ಇದರ ಎರಡೂ ಎಸ್‌ಯು ಕಂಪನಿ ಕಾರ್ಬ್ಯುರೇಟರಿನ ಜೆಟ್ ನಟ್ಟನ್ನು (ಪೆಟ್ರೋಲ್ ಪ್ರಮಾಣ ಹೊಂದಿಸೋ ನಟ್ಟು) ಅದರ ಒಂದೊಂದು ಚಪ್ಪಟೆ ಮುಖದಷ್ಟು ತಿರುಗಿಸಿ ಕೆಳಗಿಳಿಸಿ ಪರೀಕ್ಷೆ ಮಾಡಿ: ಬಿಸಿ ಇಂಜಿನ್ ಐಡಲಿಂಗ್‌ನಲ್ಲಿದ್ದಾಗ ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಕಮ್ಮಿ ಎತ್ತಿ. ಆರ್‌ಪಿಎಂ ಚೂರು ಏರಿ ಮತ್ತೆ ಕೂತರೆ ಸರಿ, ಏರಿ ಅಲ್ಲೇ ನಿಂತರೆ ರಿಚ್ (ಪೆಟ್ರೋಲ್ ಜಾಸ್ತಿ), ಕೂಡಲೇ ಕುಸಿದರೆ ಲೀನ್. ಆ ಪಿಸ್ಟನ್ ಮೇಲಿನ ಡ್ಯಾಶ್‌ಪಾಟಿನಲ್ಲಿ (ಎಣ್ಣೆ ಕೊಳವೆ) ಎಣ್ಣೆ ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ತಡವರಿಸುತ್ತೆ.

ಈ ಇಂಜಿನ್ನಿನಲ್ಲಿ ಕಾರ್ಬ್ಯುರೇಟರ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕ. ಮೇಲೆ ಹೋಗಿ ನಿಲ್ಲಿಸಿದರೆ ಫ್ಲೋಟ್ ಬೌಲಿನಲ್ಲಿ (ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲು) ಪೆಟ್ರೋಲ್ ಕುದ್ದು ಮತ್ತೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ಮಧ್ಯೆ ಬಿಸಿ ತಡೆಯೋ ಹೀಟ್ ಶೀಲ್ಡ್ ತಗಡು ಇದೆಯಾ ನೋಡಿ. ಬಾನೆಟ್ ಎತ್ತಿ ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತೆ.

ಭಯ ಇರೋದು ಇಳಿಯುವಾಗ. ಬ್ರೇಕ್ ಆಯಿಲ್ ನೀರು ಹೀರಿದ್ದರೆ ಬಿಸಿಗೆ ಕುದ್ದು ಪೆಡಲ್ ನೆಲ ಮುಟ್ಟುತ್ತೆ. ಎರಡು ವರ್ಷಕ್ಕೊಮ್ಮೆ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದು ಹಾಕಿ, ಹಳೆ ಬ್ರೇಕ್ ಹೋಸ್ ಬಿಸಾಕಿ, ಎರಡನೇ ಗೇರಲ್ಲೇ ಇಳಿಸಿ.

ನಂದಿಏರು:
ಧನ್ಯವಾದ. ಕಾಗದಪತ್ರ? ಬಾಡಿ?

ಎಣ್ಣೆಕೈ:
15 ವರ್ಷ ದಾಟಿದ ಗಾಡಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಆಗಿರಬೇಕು. 50 ಮೀರಿರೋದರಿಂದ 2021ರ ನಿಯಮದಂತೆ ‘ವಿಎ’ ನಂಬರಿನ ವಿಂಟೇಜ್ ನೋಂದಣಿಗೂ ದಾರಿ ಇದೆ, ಶುಲ್ಕ 20,000 ರೂ. ಆದರೆ ಆಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕಷ್ಟೇ ರಸ್ತೆಗಿಳಿಸಬಹುದು. ದಿನದ ಓಡಾಟಕ್ಕೆ ಇಲ್ಲ. ನಿಮ್ಮ ಉದ್ದೇಶಕ್ಕೆ ಮಾಮೂಲಿ ಆರ್‌ಸಿನೇ ಒಳ್ಳೇದು.

ಎಂಜಿಬಿಯ ಬಾಡಿ ಅಡಿಯಲ್ಲಿ ಬೇರೆ ಚಾಸಿ (ಹೊರೋ ಚೌಕಟ್ಟು) ಇಲ್ಲ, ಬಾಗಿಲ ಕೆಳಗಿನ ಸಿಲ್ಲೇ ಬೆನ್ನೆಲುಬು. ಉದ್ದಕ್ಕೂ ಮ್ಯಾಗ್ನೆಟ್ ಆಡಿಸಿ. ಕಚ್ಚದ ಕಡೆ ಒಳಗೆ ಪುಟ್ಟಿ ತುಂಬಿದ್ದಾರೆ. ಜಾಕ್ ಕೊಟ್ಟು ಎತ್ತಿದಾಗ ಬಾಗಿಲ ಸಂದು ಕಿರಿದಾಗಿ ಬಾಗಿಲು ಉಜ್ಜಿದರೆ ಅಡ್ವಾನ್ಸ್ ಕೊಡಬೇಡಿ.