ಹೊಲುಂಡರ್ (ಯುರೋಪಿನ ಎಲ್ಡರ್ ಗಿಡ) ಹೂವಿನ ಸಿರಪ್‌ಗೆ ಹತ್ತೇ ದಿನಕ್ಕೆ ನೊರೆ! ಎಲ್ಲಿ ತಪ್ಪಿದೆ?

ಮ್ಯೂನಿಕ್ ಕನ್ನಡತಿ:
1 ಲೀಟರ್ ನೀರು, 400 ಗ್ರಾಂ ಸಕ್ಕರೆ, 1 ನಿಂಬೆ, 15 ಗೊಂಚಲು ಹೂವು. ಮೂರು ದಿನ ನೆನೆಸಿ, ಸೋಸಿ, ಕಾಯಿಸದೆ ಬಾಟಲಿಗೆ ತುಂಬಿದ್ದು. ಈಗ ಮುಚ್ಚಳ ಉಬ್ಬಿದೆ. ಚೆಲ್ಲಬೇಕಾ? ಇದೇ ಗಿಡದಲ್ಲಿ ಆಗಸ್ಟ್‌ನಲ್ಲಿ ಬರುವ ಕಪ್ಪು ಹಣ್ಣನ್ನು ಹಾಗೇ ತಿನ್ನಬಹುದಾ?

ಪಾಕಪ್ರಿಯ:
ಚೆಲ್ಲಿಬಿಡಿ ಮೇಡಂ. ಒಳಗಿನ ಒತ್ತಡಕ್ಕೆ ಗಾಜು ಸಿಡಿಯಬಹುದು, ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಹೊರಗಡೆ ನಿಧಾನ ತೆರೆಯಿರಿ. ಹೂವಿನಲ್ಲೇ ಕಾಡು ಯೀಸ್ಟ್ ಇರುತ್ತದೆ. 400 ಗ್ರಾಂ ಸಕ್ಕರೆ ಅದಕ್ಕೆ ಊಟವೇ ಹೊರತು ತಡೆಯಲ್ಲ.

1 ಲೀಟರ್ ನೀರಿಗೆ 1ರಿಂದ 1.5 ಕೆಜಿ ಸಕ್ಕರೆ ಹಾಕಿ ಕುದಿಸಿ, ಆರಿಸಿ. 20 ಗೊಂಚಲು, ಬಿಲ್ಲೆ ಕತ್ತರಿಸಿದ 2 ನಿಂಬೆ, 40 ಗ್ರಾಂ ಸಿಟ್ರಿಕ್ ಆಸಿಡ್ ಸೇರಿಸಿ, ತಂಪು ಜಾಗದಲ್ಲಿ 24 ಗಂಟೆ ಮುಚ್ಚಿಡಿ. ತೆಳು ಬಟ್ಟೆಯಲ್ಲಿ ಸೋಸಿ ಇನ್ನೊಮ್ಮೆ ಕುದಿ ಬರಿಸಿ, ಕುದಿನೀರಲ್ಲಿ ತೊಳೆದ ಬಾಟಲಿಗೆ ಬಿಸಿಬಿಸಿಯಾಗಿ ತುಂಬಿ.

ಹೂವು ತೊಳೆಯಬೇಡಿ, ಘಮವೆಲ್ಲ ಆ ಹಳದಿ ಪರಾಗದಲ್ಲಿದೆ. ಹುಳ ಉದುರುವಂತೆ ಕೊಡವಿದರೆ ಸಾಕು. ಮಳೆ ಬಂದ ಮರುದಿನ ಕೀಳಬೇಡಿ. ಕಂದು ತಿರುಗಿದ ಹೂವಿಗೆ ಬೆಕ್ಕಿನ ಮೂತ್ರದ ವಾಸನೆ, ಒಂದೇ ಗೊಂಚಲು ಇಡೀ ಪಾತ್ರೆ ಕೆಡಿಸುತ್ತದೆ.

ಹಳ್ಳಿತೋಟ:
ಹಣ್ಣು ಹಸಿಯಾಗಿ ಬೇಡವೇ ಬೇಡ. ಸಾಂಬುನಿಗ್ರಿನ್ ಎಂಬ ಸಯನೈಡ್ ಬಿಡುವ ಅಂಶವಿದೆ, ವಾಂತಿ ಭೇದಿ ಆಗಬಹುದು. ಎಲೆ, ತೊಟ್ಟು, ಹಸಿರು ಕಾಯಿಯಲ್ಲೂ ಅದೇ ವಿಷ. ಗೊಂಚಲನ್ನು ಫ್ರೀಜರ್‌ನಲ್ಲಿಟ್ಟು ಫೋರ್ಕ್‌ನಿಂದ ಬಾಚಿದರೆ ಹಣ್ಣು ಉದುರುತ್ತದೆ. ನೀರಿಗೆ ಹಾಕಿ, ತೇಲಿದ ಕಾಯಿ ತೆಗೆದುಹಾಕಿ. 1 ಕೆಜಿಗೆ ಒಂದು ಲೋಟ ನೀರು, 20 ನಿಮಿಷ ಕುದಿಸಿ, ಬೀಜ ಉಳಿಯುವಂತೆ ಸೋಸಿ. ಜೆಲ್ಲಿಗಾದರೆ ಸೇಬು ಸೇರಿಸಿ, ಇದರಲ್ಲಿ ಜೆಲ್ಲಿಯನ್ನು ಗಟ್ಟಿ ಮಾಡುವ ಪೆಕ್ಟಿನ್ ಕಮ್ಮಿ. ಉತ್ತರ ಜರ್ಮನಿಯಲ್ಲಿ ಇದೇ ರಸದ ಬಿಸಿ ಸೂಪಿಗೆ ಸೇಬಿನ ಹೋಳು, ರವೆ ಕಡುಬು ಹಾಕುತ್ತಾರೆ. ಬಟ್ಟೆಗೆ ತಾಗಿದ ಕಲೆ ಮಾತ್ರ ಹೋಗುವುದಿಲ್ಲ!

ಹೊಲುಂಡರ್‌ಗೆ ಆಟಿಖ್ ಎಂಬ ವಿಷದ ತಮ್ಮನೂ ಇದ್ದಾನೆ, ಹುಷಾರು. ಅದಕ್ಕೆ ಕಟ್ಟಿಗೆಯ ಕಾಂಡವಿಲ್ಲ, ನೆಲದಿಂದ ನೇರ ಏಳುತ್ತದೆ. ಹಣ್ಣಿನ ಗೊಂಚಲು ಆಕಾಶ ನೋಡುತ್ತದೆ. ಹೊಲುಂಡರ್‌ನದು ಭಾರಕ್ಕೆ ಜೋತುಬೀಳುತ್ತದೆ.

ಪಾಕಪ್ರಿಯ:
ಬವೇರಿಯಾದಲ್ಲೇ ಇದ್ದೀರಲ್ಲ, ಮುಂದಿನ ಸಲ ಹೂವಿನ ಬಜ್ಜಿಯನ್ನೂ ಮಾಡಿ, ಅಲ್ಲಿಯವರು ಹೊಲ್ಲರ್‌ಕ್ಯುಖ್ಲೆ ಅನ್ನುತ್ತಾರೆ. 150 ಗ್ರಾಂ ಮೈದಾ, 150 ಎಂಎಲ್ ಹಾಲು, 2 ಮೊಟ್ಟೆ, ಚಿಟಿಕೆ ಉಪ್ಪು. ಕಡಲೆಹಿಟ್ಟು ಬೇಡ, ಹೂವಿನ ಘಮ ಸತ್ತೇಹೋಗುತ್ತದೆ. ತೊಟ್ಟು ಹಿಡಿದು ಅದ್ದಿ, ಹೆಚ್ಚಿನ ಹಿಟ್ಟು ಕೊಡವಿ, ಹೊಂಬಣ್ಣಕ್ಕೆ ಕರಿದು, ಮೇಲೆ ಸಕ್ಕರೆಪುಡಿ.

ಮ್ಯೂನಿಕ್ ಕನ್ನಡತಿ:
ತೊಟ್ಟೂ ತಿನ್ನುವುದಾ?

ಪಾಕಪ್ರಿಯ:
ಇಲ್ಲ, ಅದು ಹಿಡಿಯಲಿಕ್ಕೆ. ಹೂವಷ್ಟೇ ಕಚ್ಚಿ.