ಸಹಾಯ ಬೇಕು: ಸರ್ವೆ ಮಂದಿ ಪಗಾರ ಆಡಳಿತ ವೆಚ್ಚದಾಗ ಬರ್ತದೇನ್ರಿ?

ಎಲ್ಲಾರಿಗೂ ನಮಸ್ಕಾರ್ರಿ. ವಿಜಯಪುರ ಜಿಲ್ಲಾದಾಗ ಆರೋಗ್ಯ ಸೇವೆ ಮಾಡೋ ಟ್ರಸ್ಟ್ ನಮ್ದು. ಎಫ್‌ಸಿಆರ್‌ಎ (ವಿದೇಶಿ ದೇಣಿಗಿ ನಿಯಂತ್ರಣ ಕಾಯ್ದೆ) ನೋಂದಣಿ ಐತಿ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಕುಟುಂಬಕ್ಕ ವರ್ಷಕ್ಕ 5 ಲಕ್ಷ ತನಕ ಚಿಕಿತ್ಸೆ ಐತಿ, ಖರೆ. ಆದ್ರ ದಿನಾ ನುಂಗೋ ಬಿಪಿ-ಶುಗರ್ ಗುಳಿಗಿ, ಸೊಲ್ಲಾಪುರ, ಮಿರಜಕ್ಕ ಹೋಗಿಬರೋ ಖರ್ಚು, ತಪ್ಪಿದ ಕೂಲಿ ಇವು ಯಾವ ಲೆಕ್ಕಕ್ಕೂ ಸಿಗಂಗಿಲ್ಲ. ಅದನ್ನ ಹಿಡಿಯಾಕ ಇಂಡಿ, ಸಿಂದಗಿ ತಾಲೂಕಿನ 600 ಮನಿಗೆ ಮೂರು ತಿಂಗಳಿಗೊಮ್ಮೆ ಹೋಗೋ ಅಧ್ಯಯನ ಇದು. ವರ್ಷಕ್ಕೊಮ್ಮೆ ಕೇಳಿದ್ರ ಸಣ್ಣ ಖರ್ಚು ಮಂದಿ ಮರತಿರ್ತಾರ, ಅದಕ್ಕ ಸುತ್ತು ಕಡಿಮಿ ಮಾಡಾಕ ಮನಸ್ಸಿಲ್ಲ.

ವಿದೇಶಿ ಅನುದಾನ ಒಂದು ವರ್ಷಕ್ಕ 24 ಲಕ್ಷ. ಎಫ್‌ಸಿಆರ್‌ಎಗೆ 2020ರ ತಿದ್ದುಪಡಿ ಆದಮ್ಯಾಲೆ ಆಡಳಿತ ವೆಚ್ಚದ ಮಿತಿ ಶೇ. 50 ಇದ್ದದ್ದು 20ಕ್ಕ ಇಳದದ, ಅಂದ್ರ ನಮಗ 4.8 ಲಕ್ಷ. ಕಚೇರಿ ಬಾಡಿಗಿ, ಲೆಕ್ಕಪತ್ರ ಸೇರಿ 3 ಲಕ್ಷ, ಚಿಂತಿಲ್ಲ. ಮಾಹಿತಿ ತರೋ 6 ಮಂದಿ ಪಗಾರ 9 ಲಕ್ಷ. ಅದನ್ನೂ ಕೂಡಿಸಿದ್ರ 12 ಲಕ್ಷ, ಅರ್ಧಕ್ಕರ್ಧ!

ಸರ್ವೆ ಕೆಲಸಾನ ಕಾಲೇಜೊಂದಕ್ಕ ಕೊಡೋಣ ಅಂದ್ರ, ಅದೇ ಕಾಯ್ದೆಯ ಸೆಕ್ಷನ್ 7 ಪ್ರಕಾರ ವಿದೇಶಿ ಹಣ ಬ್ಯಾರೆ ಸಂಸ್ಥೆಗೆ ದಾಟಿಸೂಹಂಗಿಲ್ಲ. 2011ರ ನಿಯಮಾವಳಿಯ 5ನೇ ನಿಯಮದಾಗ ಕ್ಷೇತ್ರ ಮಾಹಿತಿ ಸಂಗ್ರಹಿಸೋರ ಪಗಾರಕ್ಕ ವಿನಾಯಿತಿ ಐತಿ, ಆದ್ರ ಅದು 'ಮುಖ್ಯವಾಗಿ ಸಂಶೋಧನೆ ಅಥವಾ ತರಬೇತಿ' ಮಾಡೋ ಸಂಸ್ಥೆಗೆ. ನಮ್ಮ ಟ್ರಸ್ಟ್ ಡೀಡ್‌ನಾಗ ಸಂಶೋಧನೆ ನಾಲ್ಕನೇ ಉದ್ದೇಶ. ಇಬ್ಬರು ಆಡಿಟರ್ ಎರಡು ಥರಾ ಹೇಳ್ಯಾರ.

ಸೇವಾ ಸಂಸ್ಥೆಯ ಒಂದು ಸಂಶೋಧನಾ ಯೋಜನೆಗೆ ಈ ವಿನಾಯಿತಿ ಹಚ್ಚಿ ಎಫ್‌ಸಿ-4 (ವಿದೇಶಿ ಹಣದ ವಾರ್ಷಿಕ ಲೆಕ್ಕದ ಫಾರ್ಮ್) ಸಲ್ಲಿಸಿದವರು ಯಾರರ ಅದೀರೇನ್ರಿ? ಆ 9 ಲಕ್ಷ ಯಾವ ಕಲಂನಾಗ ತೋರಿಸಬೇಕು?