ಪದಚರ್ಚೆ: ಹಕ್ಕಿಗಳ ವಿಷಯದಲ್ಲಿ ‘ಸ್ತ್ರೀಕಾರಕ’ ಸರಿಯೇ?

ಗೆಳೆಯರೇ,

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರಿಗಾಗಿ ತೋಟದ ಹಕ್ಕಿಗಳ ಬಗ್ಗೆ ಒಂದು ಕಿರುಹೊತ್ತಗೆ ತರುತ್ತಿದ್ದೇವೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನಂತೆ ನಡೆದುಕೊಳ್ಳುವ ರಾಸಾಯನಿಕಗಳಿಂದ ಹಕ್ಕಿಗಳ ಸಂತಾನಕ್ಕೆ ಏನಾಗುತ್ತದೆ ಎಂಬುದೂ ಅದರಲ್ಲಿದೆ. ‘ಈಸ್ಟ್ರೋಜೆನಿಕ್’ ಎಂಬುದಕ್ಕೆ ಕರಡಿನಲ್ಲಿ ‘ಸ್ತ್ರೀಕಾರಕ’ ಎಂದು ಬಂದಿದೆ. ಕೇಳಲು ಗತ್ತಾಗಿದೆ, ಆದರೆ ಹಾಗೇ ಅಚ್ಚಿಗೆ ಕಳಿಸಲು ನನಗೆ ಮನಸ್ಸಿಲ್ಲ.

ಪದ ಎಲ್ಲಿಂದ ಬಂತೆಂಬುದು ಗೊತ್ತಾಗುತ್ತದೆ. 1950ರಲ್ಲಿ ಅಮೆರಿಕದ ಬರ್ಲಿಂಗ್ಟನ್ ಮತ್ತು ಲಿಂಡೆಮನ್ ಎಳೆಯ ಲೆಗ್‌ಹಾರ್ನ್ ಹುಂಜಗಳಿಗೆ ಡಿಡಿಟಿ ಎಂಬ ಕೀಟನಾಶಕ ಕೊಟ್ಟು ನೋಡಿದಾಗ ವೃಷಣ ಸರಿಯಾಗಿ ಬೆಳೆಯಲಿಲ್ಲ, ಜುಟ್ಟು, ಗಲ್ಲದ ಜೋಲು ಸಣ್ಣವಾಗಿಯೇ ಉಳಿದವು. 1981ರಲ್ಲಿ ಫ್ರೈ ಮತ್ತು ಟೂನ್ ಗಲ್ ಎಂಬ ಕಡಲಹಕ್ಕಿಯ (ನಮ್ಮ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವ ರೀವಗಳ ಬಳಗದ್ದೇ) ಮೊಟ್ಟೆಗಳಿಗೆ ಡಿಡಿಟಿ ಚುಚ್ಚಿದ್ದರ ಫಲ ಪ್ರಕಟಿಸಿದರು: ಗಂಡು ಭ್ರೂಣಗಳಲ್ಲಿ ಅಂಡಾಶಯದ ಅಂಗಾಂಶವೂ ಅಂಡನಾಳವೂ ಮೂಡಿದ್ದವು. ಇಷ್ಟನ್ನೇ ಓದಿದವರು ‘ಸ್ತ್ರೀಕಾರಕ’ ಎನ್ನದೆ ಇನ್ನೇನು ಅಂದಾರು? ಹಕ್ಕಿಗಳ ಮಟ್ಟಿಗೆ ಅದಕ್ಕೆ ಆಧಾರವೂ ಉಂಟು. ಸಸ್ತನಿಗಳಲ್ಲಿ ಭ್ರೂಣ ಗಂಡಾಗಲು ವೃಷಣದ ಹಾರ್ಮೋನು ಬೇಕು. ಹಕ್ಕಿಗಳಲ್ಲಿ ತಿರುವುಮುರುವು: ಹೆಣ್ಣಾಗಲು ಈಸ್ಟ್ರೋಜನ್ ಬೇಕು, ಸಿಗದಿದ್ದರೆ ಭ್ರೂಣ ಗಂಡಿನ ದಾರಿ ಹಿಡಿಯುತ್ತದೆ. ಹೆಣ್ಣಾದರೂ ಸಾಮಾನ್ಯವಾಗಿ ಬೆಳೆಯುವುದು ಎಡಗಡೆಯ ಅಂಡಾಶಯ ಮಾತ್ರ. ಮನೆಯಲ್ಲಿ ಹೇಂಟೆ ಕೊಯ್ದು ಶುಚಿ ಮಾಡಿದವರು ಹಳದಿ ಗುಂಡುಗಳ ಗೊಂಚಲು ಒಂದೇ ಪಕ್ಕಕ್ಕಿರುವುದನ್ನು ಕಂಡೇ ಇರುತ್ತಾರೆ.

ತೊಡಕು ಇರುವುದು ಹೆಣ್ಣಿನ ಕಡೆ. ಹೊರಗಿನಿಂದ ಬಂದ ಈಸ್ಟ್ರೋಜನ್ ಹೆಣ್ಣು ಭ್ರೂಣವನ್ನು ‘ಇನ್ನಷ್ಟು ಹೆಣ್ಣು’ ಮಾಡುವುದಿಲ್ಲ, ಕೆಡಿಸುತ್ತದೆ. ಜಪಾನಿ ಗೌಜಲಕ್ಕಿಯ ಪ್ರಯೋಗಗಳಲ್ಲಿ ಮೊಟ್ಟೆಯೊಳಗಿದ್ದಾಗಲೇ ಇದಕ್ಕೆ ಸಿಕ್ಕಿದ ಹೆಣ್ಣುಗಳ ಅಂಡನಾಳ ವಿಕಾರವಾಗಿತ್ತು. ಕುಗ್ಗಿಹೋಗಬೇಕಾದ ಬಲಗಡೆಯ ನಾಳ ಉಳಿದುಕೊಂಡಿತ್ತು. ಬೆಳೆದ ಮೇಲೆ ಅವು ಇಟ್ಟ ಮೊಟ್ಟೆಯ ಚಿಪ್ಪೂ ತೆಳು. ‘ಸ್ತ್ರೀಕಾರಕ’ ಎಂದು ಓದಿದ ಬೆಳೆಗಾರರು ಹೇಂಟೆಗೇನೂ ಆಗದು, ಕೇಡೆಲ್ಲ ಹುಂಜಕ್ಕೇ ಎಂದುಕೊಳ್ಳುವುದಿಲ್ಲವೇ?

ಇನ್ನು ಗಂಡಿನಲ್ಲೂ ಅದು ಸದಾ ‘ಹೆಣ್ಣಾಗಿಸುವ’ ಕೆಲಸವನ್ನೇ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗ ನನಗೆ ಬಹಳ ಹಿಡಿಸಿತು. ಚರಂಡಿ ನೀರು ಶುದ್ಧೀಕರಿಸುವ ಜಾಗದ ಹುಳುಗಳಲ್ಲಿ ಸಿಗುವ ಈಸ್ಟ್ರೋಜೆನಿಕ್ ವಸ್ತುಗಳನ್ನು ಗಂಡು ಕಬ್ಬಕ್ಕಿಗಳಿಗೆ ತಿನ್ನಿಸಿದರು. ಅವು ಅದನ್ನು ತಿನ್ನದ ಗಂಡುಗಳಿಗಿಂತ ಹೆಚ್ಚು ಹೊತ್ತು, ಹೆಚ್ಚು ಬೆಡಗಿನಿಂದ ಹಾಡಿದವು. ಹಾಡಿಗೆ ಸಂಬಂಧಿಸಿದ ಮೆದುಳಿನ ಭಾಗವೂ ದೊಡ್ಡದಾಗಿತ್ತು. ಹೆಣ್ಣುಗಳು ಅಂಥ ಹಾಡನ್ನೇ ಮೆಚ್ಚಿದವು. ಆದರೆ ಆ ಹಾಡುಗಾರರ ರೋಗನಿರೋಧಕ ಶಕ್ತಿ ಕುಗ್ಗಿತ್ತು. ಇದಕ್ಕೆ ‘ಸ್ತ್ರೀಕಾರಕ’ ಎಂಬ ಪಟ್ಟಿ ಹೇಗೆ ಅಂಟಿಸುವುದು!

ಡೇಗೆಗಳ ಮೊಟ್ಟೆಯ ಪ್ರಸಂಗವನ್ನೂ ಕರಡು ಇದೇ ಪದದಡಿ ಸೇರಿಸಿದೆ. 1967ರಲ್ಲಿ ರ್‍ಯಾಟ್‌ಕ್ಲಿಫ್ ಬ್ರಿಟನ್ನಿನಲ್ಲಿ ತೋರಿಸಿದ ಚಿಪ್ಪಿನ ತೆಳುವಿಗೆ ಕಾರಣ ಡಿಡಿಟಿ ಒಡೆದು ಉಳಿಯುವ ಡಿಡಿಇ. ಅದು ಚಿಪ್ಪು ಕಟ್ಟುವ ಗ್ರಂಥಿಯಿಂದ ಚಿಪ್ಪಿಗೆ ಕ್ಯಾಲ್ಸಿಯಂ ಸಾಗುವುದನ್ನೇ ಕುಗ್ಗಿಸುತ್ತದೆ. ಅಲ್ಲಿ ಈಸ್ಟ್ರೋಜನ್ನಿನ ಅನುಕರಣೆ ಮುಖ್ಯವಲ್ಲ. ಆ ಭಾಗವನ್ನು ಬೇರೆ ಮಾಡಿದ್ದೇನೆ.

ಬದಲಿ ಪದಗಳಲ್ಲಿ ‘ಬೆದೆಜನಕ’ ಮೂಲಕ್ಕೆ ಹತ್ತಿರ (ಇಂಗ್ಲಿಷಿನ ‘ಈಸ್ಟ್ರಸ್’ ಎಂದರೆ ಬೆದೆ). ಆದರೆ ನಮ್ಮಲ್ಲಿ ಬೆದೆಗೆ ಬರುವುದು ಹಸು, ಎಮ್ಮೆ. ಕೋಳಿ ಮೊಟ್ಟೆಗೆ ಬರುತ್ತದೆ, ಕಾವಿಗೆ ಕೂರುತ್ತದೆ. ‘ಹೆಣ್ಣು ಹಾರ್ಮೋನಿನಂಥ ಔಷಧಿ’ ಎಂದೂ ಒಬ್ಬರು ಸೂಚಿಸಿದರು. ಕಾಂಡಕೊರಕಕ್ಕೆ ಹೊಡೆಯುವ ವಿಷವೂ ತೋಟದಲ್ಲಿ ಔಷಧಿಯೇ, ನಿಜ. ಆದರೆ ಇದನ್ನು ಓದಿದವರು ಕೋಳಿ ಜಾಸ್ತಿ ಮೊಟ್ಟೆ ಇಡಲು ಎಲ್ಲಿ ಸಿಗುತ್ತದೆ ಎಂದು ಕೇಳಿಯಾರು.

ನನ್ನ ಒಲವು ‘ಈಸ್ಟ್ರೋಜನ್ ಸೋಗಿನ ರಾಸಾಯನಿಕ’ದ ಕಡೆಗೆ. ಅದು ಜೀವಕೋಶದಲ್ಲಿ ಹಾರ್ಮೋನು ಕೂರುವ ಗ್ರಾಹಕಕ್ಕೆ ಹೋಗಿ ಕೂರುತ್ತದೆ, ಕೋಶ ಅದನ್ನು ಅಸಲಿ ಎಂದೇ ನಂಬಿ ಕೆಲಸ ಶುರುಮಾಡುತ್ತದೆ. ‘ವೇಷ’ವೂ ಹೊಳೆದಿತ್ತು, ಆದರೆ ಕೊಪ್ಪ, ಶೃಂಗೇರಿ ಕಡೆಯವರಿಗೆ ಅದರ ಜೊತೆಗೇ ಯಕ್ಷಗಾನದ ಸ್ತ್ರೀವೇಷ ನೆನಪಾಗಿ, ವೇಷ ಹಕ್ಕಿಯದೇ ಎನಿಸೀತು. ‘ಸೋಗು’ ಎಂದರೆ ಬೇಕೆಂದೇ ಮಾಡುವ ಕಪಟ ಎಂಬ ಛಾಯೆ ಇದೆ. ರಾಸಾಯನಿಕಕ್ಕೆ ಅದು ಸಲ್ಲುತ್ತದೆಯೇ?

ಡಿಡಿಇಯನ್ನೂ ಒಳಗೊಳ್ಳುವ ದೊಡ್ಡ ಗುಂಪಿಗೆ ಕರಡಿನಲ್ಲಿ ‘ನಿರ್ನಾಳಗ್ರಂಥಿ ವಿಚ್ಛಿದ್ರಕಾರಿ’ ಎಂದಿದೆ. ನಾನು ‘ಹಾರ್ಮೋನು ಕೆಡಿಸುವ ರಾಸಾಯನಿಕ’ ಎಂದು ತಿದ್ದಿದ್ದೇನೆ. ಇದರಲ್ಲಿ ತಕರಾರು ಇರಲಾರದು.

ಕೊನೆಗೆ, ಹಾಸನ ಸೀಮೆಯವರಿಗೆ ಒಂದು ಪ್ರಶ್ನೆ. ಚಿಪ್ಪು ಗಟ್ಟಿಯಾಗದೆ ಬರೀ ಪೊರೆಯಲ್ಲೇ ಬೀಳುವ ಮೊಟ್ಟೆಗೆ ನಿಮ್ಮ ಮನೆಗಳಲ್ಲಿ ಏನನ್ನುತ್ತೀರಿ? ಕಾವು ಕೊಟ್ಟರೂ ಮರಿಯಾಗದ್ದಕ್ಕೆ? ಸಕಲೇಶಪುರದ ಮಾತು ಬೇರೆ, ಅರಸೀಕೆರೆಯದು ಬೇರೆ ಇದ್ದರೆ ಎರಡನ್ನೂ ತಿಳಿಸಿ.